ಮಿಷನ್ನಿಗೆ ಬಿದ್ದ 193 ಓಟು

ಬೇರೆಯವರ ಆಸ್ತಿ ವಿವರ ಟೈಪ್ ಮಾಡಿ ಮಾಡಿಯೇ ನನಗೆ ಈ ಹುಚ್ಚು ಹತ್ತಿದ್ದು.

ಚಿತ್ರದುರ್ಗದಲ್ಲಿ ಸರ್ಕಾರಿ ಕಚೇರಿಗಳ ಆಸುಪಾಸಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ. 2013ರ ನಗರಸಭೆ ಚುನಾವಣೆಯಲ್ಲಿ ನಾಮಪತ್ರದ ಜೊತೆ ಕೊಡಬೇಕಾದ ಪ್ರಮಾಣಪತ್ರ ಮಾಡಿಸಲು ಸಾಲುಗಟ್ಟಿ ಬಂದಿದ್ದರು. ಯಾರ ಮನೆಯಲ್ಲಿ ಎಷ್ಟು ಗ್ರಾಂ ಬಂಗಾರ, ಹೆಂಡತಿ ಹೆಸರಲ್ಲಿ ಎಷ್ಟು ಸೈಟು, ಯಾವ ಠಾಣೆಯಲ್ಲಿ ಏನು ಕೇಸು, ಎಲ್ಲ ನನ್ನ ಬೆರಳ ತುದಿಯಲ್ಲೇ ದಾಟಿ ಹೋಯಿತು. ವಿದ್ಯಾರ್ಹತೆಯ ಕಾಲಂ ಬಂದಾಗ ದನಿ ತಗ್ಗುತ್ತಿತ್ತು. ಬಂಗಾರದ ಕಾಲಂ ಬಂದಾಗ ಇನ್ನೂ ತಗ್ಗುತ್ತಿತ್ತು. ಅವರಲ್ಲಿ ಕೆಲವರು ಗೆದ್ದರು, ಐದು ವರ್ಷ ಸದಸ್ಯರಾಗಿದ್ದರು. ಆ ಐದು ವರ್ಷವೂ ಅವರ ಲೆಟರ್‌ಹೆಡ್ ಪತ್ರಗಳನ್ನು ಟೈಪ್ ಮಾಡಿಕೊಟ್ಟವನು ನಾನೇ. ಪತ್ರದಲ್ಲಿ ಏನು ಬರೆಯಬೇಕು ಅಂತ ಹೇಳುತ್ತಿದ್ದವನೂ ಎಷ್ಟೋ ಸಲ ನಾನೇ. ಹಾಗಾಗಿ 2018ರಲ್ಲಿ ಮತ್ತೆ ಚುನಾವಣೆ ಬಂದಾಗ, ಬರೆದುಕೊಡುವವನೇ ಯಾಕೆ ನಿಲ್ಲಬಾರದು ಅನ್ನಿಸಿತು. ಅನ್ನಿಸಿದ್ದನ್ನು ಹೆಂಡತಿಗೆ ಹೇಳಿದೆ. "ಅಂಗಡಿ ಬಾಡಿಗೆ ಎರಡು ತಿಂಗಳಿಂದ ಬಾಕಿ ಐತೆ" ಅಂದಳು. ಅದನ್ನು ನಾನು ವಿರೋಧ ಅಂತ ತಗೊಳ್ಳಲಿಲ್ಲ.

ನಮ್ಮ ಮನೆ ಇರುವುದು ಕೋಟೆಯ ಬುಡದ ಹಳೇ ಊರಿನಲ್ಲಿ. ವಾರ್ಡಿನ ನಂಬರು ಹೇಳುವುದಿಲ್ಲ, ಯಾಕಂದರೆ ಗೆದ್ದವರೂ ಸೋತವರೂ ಇವತ್ತಿಗೂ ಅದೇ ಬೀದಿಯಲ್ಲಿದ್ದೇವೆ. ಒಟ್ಟು 35 ವಾರ್ಡು. 2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಸುಮಾರು 1 ಲಕ್ಷ 45 ಸಾವಿರ. ಹಂಚಿದರೆ ವಾರ್ಡಿಗೆ 4 ಸಾವಿರ ಚಿಲ್ಲರೆ ಜನ. ಎಂಎಲ್ಎ ಚುನಾವಣೆ ಅಲೆಯಲ್ಲಿ ಹೋಗುತ್ತೆ, ಎಂಪಿ ಚುನಾವಣೆ ಟೀವಿಯಲ್ಲಿ ನಡೆಯುತ್ತೆ. ವಾರ್ಡಿನ ಚುನಾವಣೆ ಹಾಗಲ್ಲ. ಇಲ್ಲಿ ಪ್ರತಿ ಓಟಿಗೂ ಒಂದು ಮುಖ ಇರುತ್ತೆ, ಆ ಮುಖ ನಿಮ್ಮ ಮುಖವನ್ನು ಹುಟ್ಟಿದಾಗಿನಿಂದ ನೋಡಿರುತ್ತೆ.

ನನಗಿದ್ದ ಕಾರಣ ಎರಡು, ಚರಂಡಿ ಮತ್ತು ನೀರು. ಮಳೆ ಬಂದರೆ ಕೋಟೆಯ ಕಲ್ಲುಗುಡ್ಡದ ನೀರೆಲ್ಲ ನಮ್ಮ ಓಣಿಯ ಚರಂಡಿಗೆ ಇಳಿದು, ಅಲ್ಲಿ ಜಾಗ ಸಾಲದೆ ಮನೆಗಳ ಹೊಸ್ತಿಲಿಗೆ ಬರುತ್ತಿತ್ತು. ಮಳೆ ಬಾರದಿದ್ದರೆ ನಲ್ಲಿಯಲ್ಲೂ ಬರುತ್ತಿರಲಿಲ್ಲ. ನಾಯಕರ ಕಾಲದಲ್ಲಿ ಇದೇ ಗುಡ್ಡದ ನೀರನ್ನು ಒಂದು ಹೊಂಡದಿಂದ ಇನ್ನೊಂದಕ್ಕೆ ಹರಿಸಿ, ಊರೊಳಗೆ ಸಿಹಿನೀರು ಹೊಂಡ, ಸಂತೆ ಹೊಂಡದವರೆಗೆ ತುಂಬಿಸಿಕೊಂಡಿದ್ದರು ಅಂತ ಪ್ರವಾಸಿಗರಿಗೆ ಗೈಡುಗಳು ಹೇಳುತ್ತಾರೆ. ಈಗ ನಮಗೆ ನೀರು ಬರುವುದು ಚನ್ನಗಿರಿ ಸೀಮೆಯ ಶಾಂತಿಸಾಗರ ಕೆರೆಯಿಂದ, ಹಿರಿಯೂರಿನ ಮಾರಿಕಣಿವೆ ಅಣೆಕಟ್ಟೆಯಿಂದ. ಅಷ್ಟು ದೂರದಿಂದ ಬಂದ ನೀರು ನಮ್ಮ ಓಣಿಯ ವಾಲ್ವ್ ತನಕ ಬಂದು ಅಲ್ಲಿ ನೀರುಗಂಟಿಯ ಮರ್ಜಿ ಕಾಯುತ್ತಿತ್ತು. ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ರಾತ್ರಿ ಎರಡಕ್ಕೆ ಬಿಟ್ಟರೆ ಓಣಿಗೆ ಓಣಿಯೇ ಎದ್ದು ಕೊಡ ಹಿಡಿಯುತ್ತಿತ್ತು. ಸದಸ್ಯನಾದರೆ ಮಾಡಬಹುದಾದದ್ದು ಬಹಳವಿಲ್ಲ ಅಂತ ಅಷ್ಟೊಂದು ಪತ್ರ ಟೈಪ್ ಮಾಡಿದ ನನಗೆ ಗೊತ್ತಿತ್ತು. ಆದರೆ ರಾತ್ರಿ ಎರಡನ್ನು ಬೆಳಗಿನ ಐದು ಮಾಡುವುದು ಆಗುತ್ತಿತ್ತು ಅಂತ ಈಗಲೂ ನಂಬಿದ್ದೇನೆ.

ಮೊದಲ ಪರೀಕ್ಷೆ ಮೀಸಲಾತಿ ಪಟ್ಟಿ. ಅದು ಬರುವ ತನಕ ಎಲ್ಲರೂ ಅಭ್ಯರ್ಥಿಗಳೇ, ಬಂದ ಮೇಲೆ ಅರ್ಧಕ್ಕರ್ಧ ಜನ ಪ್ರೇಕ್ಷಕರು. ಅರ್ಧ ಸ್ಥಾನ ಮಹಿಳೆಯರಿಗೆ, ಮಿಕ್ಕಂತೆ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಎ, ಬಿ ಅಂತ ವಾರ್ಡುಗಳು ಪ್ರತಿ ಸಲ ಅದಲು ಬದಲಾಗುತ್ತವೆ. ಎರಡು ವರ್ಷದಿಂದ ಸತ್ತವರ ಮನೆಗೆ ಹಾರ, ಮದುವೆ ಮನೆಗೆ ಮುಯ್ಯಿ ಹೊತ್ತು ತಿರುಗಿದ್ದ ಪಕ್ಕದ ವಾರ್ಡಿನ ಗೆಳೆಯನೊಬ್ಬನ ವಾರ್ಡು ಮಹಿಳೆಗೆ ಹೋಯಿತು. ಅವನು ಅಂದೇ ಸಂಜೆ ಹೆಂಡತಿಯನ್ನು ಕರೆದುಕೊಂಡು ನನ್ನ ಅಂಗಡಿಯ ಮುಂದೆ ನಿಂತಿದ್ದ, ಆಕೆಯ ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕಿತ್ತು. ಆಯಮ್ಮನಿಗೆ ಯಾಕೆ ಅಂತ ಇನ್ನೂ ಹೇಳಿರಲಿಲ್ಲ ಅಂತ ಕಾಣುತ್ತೆ. ನಮ್ಮ ವಾರ್ಡು ಸಾಮಾನ್ಯಕ್ಕೆ ಬಿತ್ತು. ನನ್ನ ಅದೃಷ್ಟ ಅಂದುಕೊಂಡೆ.

ಟಿಕೆಟಿಗೆ ಒಂದು ಪಕ್ಷದವರ ಹತ್ತಿರ ಹೋದೆ. ಹೆಸರು ಬೇಡ. ಅರ್ಜಿ ಕೊಟ್ಟೆ, ಸಂದರ್ಶನ ಅಂತ ಕರೆದರು. ನಾಲ್ಕು ಜನ ಕೂತಿದ್ದರು. ಚರಂಡಿಯ ನಕ್ಷೆ ಬರೆದುಕೊಂಡು ಹೋಗಿದ್ದೆ, ಅದನ್ನು ಬಿಡಿಸುವಷ್ಟರಲ್ಲಿ ಒಬ್ಬರು ಕೇಳಿದರು: "ನಿಮ್ಮೋರು ಎಷ್ಟು ಓಟು?" ನಮ್ಮ ಓಣಿಯವರೆಲ್ಲ ನಮ್ಮೋರೇ ಸಾರ್ ಅಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೆಯ ಪ್ರಶ್ನೆ "ಎಷ್ಟು ಹಾಕ್ತೀರಿ?" ಮೂರನೆಯ ಪ್ರಶ್ನೆ ಇರಲಿಲ್ಲ. "ಸರ್ವೆ ಮಾಡ್ತೀವಿ, ಫೋನ್ ಮಾಡ್ತೀವಿ." ಆ ಫೋನು ಬರಬೇಕಾದದ್ದು ಇನ್ನೂ ಬಾಕಿ ಇದೆ. ಬಿ ಫಾರಂ ಬೇರೊಬ್ಬರ ಕೈಗೆ ಸೇರಿದ ದಿನ ನಾನು ಪಕ್ಷೇತರ ಅಂತ ತೀರ್ಮಾನ ಮಾಡಿದೆ. ಬಂಡಾಯ ಅನ್ನುವಷ್ಟು ದೊಡ್ಡ ಮನುಷ್ಯ ನಾನಾಗಿರಲಿಲ್ಲ, ಬಂಡಾಯ ಅನ್ನಿಸಿಕೊಳ್ಳಲು ಮೊದಲು ಒಳಗಿರಬೇಕಲ್ಲ.

ಮತದಾರರ ಪಟ್ಟಿಯನ್ನು ನನ್ನ ಅಂಗಡಿಯಲ್ಲೇ ಪ್ರಿಂಟ್ ತೆಗೆದು, ಪೆನ್ಸಿಲ್ ಹಿಡಿದು ಮೂರು ರಾತ್ರಿ ಕೂತೆ. ಆ ಮೂರು ರಾತ್ರಿಯಷ್ಟು ಸುಖ ಇಡೀ ಚುನಾವಣೆಯಲ್ಲಿ ಮತ್ತೆ ಸಿಗಲಿಲ್ಲ. ಸುಮಾರು 3,300 ಹೆಸರು, ಮೂರು ಬೂತು. ನನ್ನ ಜೊತೆ ಪ್ರೈಮರಿ ಓದಿದವರು, ಅಪ್ಪನ ಜೊತೆ ಇಸ್ಪೀಟು ಆಡಿದವರು, ಸತ್ತು ಆರು ವರ್ಷವಾದರೂ ಪಟ್ಟಿಯಲ್ಲಿ ಬದುಕಿದ್ದವರು, ಮದುವೆಯಾಗಿ ಹೊಸದುರ್ಗಕ್ಕೆ ಹೋದರೂ ಓಟು ತವರಲ್ಲೇ ಬಿಟ್ಟು ಹೋದ ಹೆಣ್ಣುಮಕ್ಕಳು. ನನ್ನ ಸ್ವಂತ ಅಣ್ಣನ ಮನೆಯ ಐದು ಓಟು ಗಡಿ ಹಾಕುವಾಗ ಪಕ್ಕದ ವಾರ್ಡಿಗೆ ಹಾರಿಹೋಗಿತ್ತು, ನಡುವೆ ಇರುವುದು ಒಂದು ಗೋಡೆ. ಹೆಸರಿನ ಮುಂದೆ ಟಿಕ್ ಹಾಕಿದರೆ ಖಾತ್ರಿ, ಸೊನ್ನೆ ಹಾಕಿದರೆ ಅನುಮಾನ, ಅಡ್ಡಗೆರೆ ಹಾಕಿದರೆ ಬೇರೆಯವರ ಓಟು. ಟಿಕ್ ಎಣಿಸಿದೆ, 740 ಬಂತು. ಇಷ್ಟು ಬಂದರೆ ಗೆದ್ದ ಹಾಗೆಯೇ ಅಂತ ಮಲಗಿದೆ.

ಆ ಟಿಕ್ಕುಗಳ ಹಿಂದಿನ ನನ್ನ ತರ್ಕ ಸರಳವಾಗಿತ್ತು. ಖಾತೆ ಅರ್ಜಿ, ಜಾತಿ ಸರ್ಟಿಫಿಕೇಟು, ವಿಧವಾ ವೇತನ, ಆಧಾರ್ ತಿದ್ದುಪಡಿ, ಈ ವಾರ್ಡಿನ ಯಾರ ಮನೆಯ ಕಾಗದ ನನ್ನ ಕೈಯಲ್ಲಿ ಆಗಿಲ್ಲ? ಅವರೆಲ್ಲ ನೆನಪಿಟ್ಟುಕೊಂಡಿರುತ್ತಾರೆ. ನೆನಪಿಟ್ಟುಕೊಂಡಿದ್ದರು ಕೂಡ. ಆದರೆ ಪ್ರತಿ ಹಾಳೆಗೂ ಎರಡು ರೂಪಾಯಿ ತಗೊಂಡಿದ್ದೆನಲ್ಲ, ಅವರ ಲೆಕ್ಕದಲ್ಲಿ ಆ ಋಣ ಅಲ್ಲೇ ಚುಕ್ತಾ ಆಗಿತ್ತು.

ನಾಮಪತ್ರಕ್ಕೆ ಮೊದಲು ನಗರಸಭೆಗೆ ಯಾವ ಬಾಕಿಯೂ ಇರಬಾರದು. ಹತ್ತು ವರ್ಷ ಊರಿನವರಿಗೆಲ್ಲ ಮನೆ ಕಂದಾಯದ ಚಲನ್ ತುಂಬಿಕೊಟ್ಟ ನನ್ನದೇ ಮನೆಯ ಕಂದಾಯ ಮೂರು ವರ್ಷ ಬಾಕಿ ಇತ್ತು, ನಲ್ಲಿಯದು ಅದಕ್ಕಿಂತ ಹೆಚ್ಚು. ಹೆಂಡತಿಯ ಚೀಟಿ ದುಡ್ಡು ಮೊದಲು ಒಡೆದದ್ದು ಅಲ್ಲಿ. ಬರದ ನೀರಿಗೆ ಬಡ್ಡಿ ಸಮೇತ ಕಟ್ಟಿ ರಸೀದಿ ತಗೊಂಡೆ. ಸೂಚಕ ಅದೇ ವಾರ್ಡಿನ ಮತದಾರನಾಗಿರಬೇಕು. ಟೀ ಅಂಗಡಿಯ ಗೆಳೆಯನೊಬ್ಬ ಸಹಿ ಹಾಕಿದ. ಇನ್ನೊಬ್ಬ ಆಪ್ತನನ್ನು ಮೊದಲು ಕೇಳಿದ್ದೆ, "ಸಹಿ ಹಾಕಿದ್ರೆ ಎಲ್ರಿಗೂ ಗೊತ್ತಾಗುತ್ತಲ್ಲಪ್ಪ, ಓಟು ಬೇಕಾದ್ರೆ ಹಾಕ್ತೀನಿ" ಅಂದ. ಆಗ ಅದು ಭರವಸೆಯ ಮಾತಾಗಿ ಕೇಳಿಸಿತ್ತು.

ನನ್ನ ಪ್ರಮಾಣಪತ್ರ ನಾನೇ ಟೈಪ್ ಮಾಡಿಕೊಂಡೆ. ಎಷ್ಟೋ ಜನರದ್ದನ್ನು ತಾಸುಗಟ್ಟಲೆ ಮಾಡಿದವನು ನನ್ನದನ್ನು ಹತ್ತು ನಿಮಿಷದಲ್ಲಿ ಮುಗಿಸಿದೆ. ಚರಾಸ್ತಿ: ಒಂದು ಸ್ಕೂಟರು, ಎರಡು ಕಂಪ್ಯೂಟರು, ಜೆರಾಕ್ಸ್ ಮೆಷಿನ್ನು, ಅದರ ಮೇಲಿನ ಸಾಲ. ಸ್ಥಿರಾಸ್ತಿ: ಅಪ್ಪನ ಮನೆಯಲ್ಲಿ ಮೂರರಲ್ಲೊಂದು ಪಾಲು. ಪ್ರಿಂಟ್ ತೆಗೆದು ನೋಡಿದಾಗ ಹಾಳೆ ತುಂಬ ಬೆಳ್ಳಗೆ ಕಂಡಿತು. ನೋಟರಿ ಸಹಿ ಹಾಕುತ್ತಾ "ಇಷ್ಟೇನಾ?" ಅಂದರು.

ಅದು 2018ರ ಆಗಸ್ಟ್. ಆ ವಾರವೇ, 16ನೇ ತಾರೀಕು ಸಂಜೆ, ವಾಜಪೇಯಿ ತೀರಿಕೊಂಡ ಸುದ್ದಿ ಬಂತು. ಅದರ ಹಿಂದೆಯೇ ಕೊಡಗಿನ ಗುಡ್ಡಗಳು ಕುಸಿಯತೊಡಗಿದವು. ಟೀವಿಯಲ್ಲಿ ಮನೆಗಳು ಜಾರಿ ಹೋಗುವುದನ್ನು ನೋಡುತ್ತಾ ನಮ್ಮ ಹುಡುಗರು ಕರಪತ್ರ ಮಡಿಸುತ್ತಿದ್ದರು. ಮಳೆಯಿಂದಾಗಿ ಅಲ್ಲಿನ ಕುಶಾಲನಗರ, ಸೋಮವಾರಪೇಟೆ, ವಿರಾಜಪೇಟೆ ಪಟ್ಟಣ ಪಂಚಾಯಿತಿಗಳ ಚುನಾವಣೆ ಮುಂದಕ್ಕೆ ಹೋಯಿತು. ಇಲ್ಲಿ ನಾನು ಮಳೆಯಿಲ್ಲದ ಊರಿನಲ್ಲಿ ನೀರಿನ ಮೇಲೆ ಓಟು ಕೇಳುತ್ತಿದ್ದೆ.

ಗುರುತಿಗೆ ಆಟೋ ರಿಕ್ಷಾ ಕೇಳಿದ್ದೆ. ಇನ್ನೊಬ್ಬ ಪಕ್ಷೇತರನೂ ಅದನ್ನೇ ಕೇಳಿದ್ದ, ಚೀಟಿ ಎತ್ತಿದರು, ಅವನಿಗೆ ಹೋಯಿತು. ನನಗೆ ಬಂದದ್ದು ಹೊಲಿಗೆ ಯಂತ್ರ. ಕೆಟ್ಟ ಗುರುತೇನಲ್ಲ, ಮನೆ ಮನೆಯಲ್ಲೂ ಇರುತ್ತೆ. ತೊಂದರೆ ಬೇರೆಯೇ ಇತ್ತು. ನಮ್ಮಲ್ಲಿ ಹೊಲಿಗೆ ಯಂತ್ರಕ್ಕೂ ಮಿಷನ್ನು ಅಂತಾರೆ, ಮತಯಂತ್ರಕ್ಕೂ ಮಿಷನ್ನು ಅಂತಾರೆ. "ಮಿಷನ್ನಿನಲ್ಲಿ ಮಿಷನ್ನಿಗೆ ಒತ್ತಿ ಅಮ್ಮಾ" ಅಂತ ನಾನು ಕೈಮುಗಿದರೆ ಅಜ್ಜಿಯೊಬ್ಬಳು "ಯಾವ್ ಮಿಷನ್ನಿನಾಗೆ ಯಾವ್ ಮಿಷನ್ನಪ್ಪ, ಸಮ ಹೇಳು" ಅಂತ ಎರಡು ಸಲ ಹೇಳಿಸಿಕೊಂಡಳು. ಮೂರನೆಯ ಸಲ ನನಗೇ ಗೊಂದಲವಾಯಿತು.

ನಾಮಪತ್ರ ವಾಪಸ್ ತೆಗೆಯುವ ಕೊನೆಯ ದಿನದ ಹಿಂದಿನ ರಾತ್ರಿ ಇಬ್ಬರು ಬಂದು, ಖರ್ಚಾದದ್ದು ಕೊಡ್ತೀವಿ, ಹಿಂದಕ್ಕೆ ಸರಿ ಅಂದರು. ಎಷ್ಟು ಖರ್ಚಾಗಿದೆ ಅಂತಲೂ ಅವರಿಗೆ ಸರಿಯಾಗಿ ಗೊತ್ತಿತ್ತು, ಅದೇ ನನಗೆ ಹೆಚ್ಚು ಬೇಜಾರಾದದ್ದು. ಒಪ್ಪಲಿಲ್ಲ.

ಇನ್ನು ಪ್ರಚಾರ. ಶ್ರಾವಣದಲ್ಲಿ ಚುನಾವಣೆ ಮಾಡಬಾರದು. 22ಕ್ಕೆ ಬಕ್ರೀದ್, 24ಕ್ಕೆ ವರಮಹಾಲಕ್ಷ್ಮಿ, ಸೆಪ್ಟೆಂಬರ್ 13ಕ್ಕೆ ಗಣೇಶ. ಗಣೇಶನ ಪಟ್ಟಿ ಹಿಡಿದ ಹುಡುಗರು ಆಗಸ್ಟ್ ತಿಂಗಳಲ್ಲೇ ಬಾಗಿಲಿಗೆ ಬಂದರು, ಯಾಕಂದರೆ ಸೆಪ್ಟೆಂಬರ್ 3ರ ಮತ ಎಣಿಕೆಯ ನಂತರ ಯಾರೂ ಕೊಡುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ನಮ್ಮ ವಾರ್ಡಿನಲ್ಲಿ ಆ ವರ್ಷ ಏಳು ಗಣಪತಿ ಮಂಡಳಿ ಹುಟ್ಟಿಕೊಂಡವು. ಮರುವರ್ಷ ಎರಡೇ ಇದ್ದವು. ನೀತಿ ಸಂಹಿತೆ ಇದೆಯಪ್ಪ, ದುಡ್ಡು ಕೊಡುವ ಹಾಗಿಲ್ಲ ಅಂದೆ. "ನೀತಿ ಸಂಹಿತೆ ನಿಮ್ಗೆ ಒಬ್ರಿಗೇನಾ ಅಣ್ಣ?" ಅಂತ ಪಟ್ಟಿ ಮಡಚಿಕೊಂಡು ಹೋದರು. ಅವರಲ್ಲೊಬ್ಬ ನಮ್ಮ ಚಿಕ್ಕಪ್ಪನ ಮೊಮ್ಮಗ.

ವರಮಹಾಲಕ್ಷ್ಮಿಯ ಸಂಜೆ ಅರಿಶಿನ ಕುಂಕುಮಕ್ಕೆ ಹೋಗಿ ಬಂದ ಹೆಂಡತಿ ಮಾತಾಡದೆ ಕೂತಳು. ಕೇಳಿದ್ದಕ್ಕೆ, ಹತ್ತು ಮನೆಯಲ್ಲಿ ಎಂಟು ಮನೆ ಲಕ್ಷ್ಮಿಗೆ ಒಂದೇ ಅಂಗಡಿಯ ಒಂದೇ ಬಣ್ಣದ ಸೀರೆ ಉಡಿಸಿದ್ದಾರೆ ಅಂದಳು. ಯಾರು ಹಂಚಿದ್ದು ಅಂತ ಯಾರೂ ಹೇಳಲಿಲ್ಲವಂತೆ. ನಾನು ಆ ಸೀರೆಯ ಲೆಕ್ಕ ಹಾಕಿದೆ. ನಗರಸಭೆ ಅಭ್ಯರ್ಥಿಗೆ ಆಗ ಖರ್ಚಿನ ಮಿತಿ 2 ಲಕ್ಷ ರೂಪಾಯಿ ಇತ್ತು. ಆ ಸೀರೆಗಳಲ್ಲೇ ಅದು ಮುಗಿದಿರಬೇಕು.

ನನ್ನ ದುಡ್ಡು ಹೋದದ್ದು ಮಂಡಕ್ಕಿ ಮಿರ್ಚಿಗೆ. ದಿನಾ ಸಂಜೆ ಹದಿನೈದಿಪ್ಪತ್ತು ಹುಡುಗರು ಜೊತೆ ಬರುತ್ತಿದ್ದರು. ಮನೆ ಮನೆ ಸುತ್ತಿ ಬಂದ ಮೇಲೆ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಟೀ. ಮೊದಲ ದಿನ ಎಂಟು ಜನ ಇದ್ದವರು ಮೂರನೇ ದಿನಕ್ಕೆ ಇಪ್ಪತ್ತಾದಾಗ ಅಲೆ ಎದ್ದಿದೆ ಅಂದುಕೊಂಡೆ. ಐದನೇ ದಿನ ಬೋಂಡಾದ ಬಂಡಿಯವನು ಊರಿಗೆ ಹೋಗಿದ್ದ, ಅವತ್ತು ಆರು ಜನ ಬಂದರು. ಕರಪತ್ರದ ಕೆಳಗೆ ಮುದ್ರಕರ ಹೆಸರು, ಪ್ರತಿಗಳ ಸಂಖ್ಯೆ ಹಾಕಲೇಬೇಕು. ನಾನೇ ವಿನ್ಯಾಸ ಮಾಡಿದ್ದರಿಂದ ಅದರಲ್ಲಿ ತಪ್ಪಿರಲಿಲ್ಲ. ಮೈಕ್ ಕಟ್ಟಿದ ಆಟೋಗೆ ಅನುಮತಿ ಪತ್ರ ತಗೊಂಡು ಗಾಜಿಗೆ ಅಂಟಿಸಿದ್ದೆ. ಆ ಆಟೋ ನೋಡಿ ಎಷ್ಟು ಜನ ಆಟೋ ಗುರುತಿಗೆ ಓಟು ಒತ್ತಿದರೋ ದೇವರಿಗೇ ಗೊತ್ತು. ಈ ಬುದ್ಧಿ ಚುನಾವಣೆ ಮುಗಿದು ಒಂದು ತಿಂಗಳಿಗೆ ಬಂತು.

ಮನೆ ಮನೆಗೆ ಹೋಗುವುದು ಮಾತ್ರ ಬೇರೆ ವಿದ್ಯೆ. ಹುಟ್ಟಿದ ಓಣಿಯಲ್ಲೇ ನನಗೆ ಗೊತ್ತಿಲ್ಲದ ಮನೆಗಳಿದ್ದವು. ಒಂದೇ ಕೋಣೆಯಲ್ಲಿ ಏಳು ಜನ, ಮೂಲೆಯಲ್ಲಿ ಮಂಚದ ಮೇಲೆ ನಾಲ್ಕು ವರ್ಷದಿಂದ ಎದ್ದಿರದ ಮುದುಕ. ನಾನು ಬಾಗಿಲಲ್ಲಿ ನಿಂತು ಚರಂಡಿ ಅಂದರೆ ಅವನ ಸೊಸೆ "ಚರಂಡಿ ಇರ್ಲಿ, ಇವ್ರಿಗೆ ಒಂದು ಗಾಲಿಕುರ್ಚಿ ಕೊಡುಸ್ತೀರಾ?" ಅಂದಳು. ಅದಕ್ಕೆ ಯಾವ ಇಲಾಖೆಗೆ ಅರ್ಜಿ ಹಾಕಬೇಕು ಅಂತ ನನಗೆ ಗೊತ್ತಿತ್ತು, ಮಾರನೆಯ ದಿನವೇ ಫಾರಂ ತುಂಬಿ ತಂದುಕೊಟ್ಟೆ. ನಮ್ಮ ಹುಡುಗರು ಬೈದರು. ಒಂದು ಮನೆಗೆ ಅರ್ಧ ಗಂಟೆ ಕೊಟ್ಟರೆ 3,300 ಜನರನ್ನು ಮುಗಿಸುವುದು ಯಾವಾಗ ಅಂತ. ಲೆಕ್ಕ ಅವರದ್ದೇ ಸರಿ. ಕೊನೆಗೆ ಮೂರನೇ ಬೂತಿನ ಎರಡು ಓಣಿಗೆ ಕಾಲಿಡಲೂ ಆಗಲಿಲ್ಲ. ಎಲ್ಲಿ ಹೋದರೂ "ನಿಮ್ಗಲ್ದೆ ಇನ್ಯಾರಿಗೆ ಹಾಕಾಣ" ಅನ್ನುತ್ತಿದ್ದರು. ಇಲ್ಲ ಅಂದವನು ಇಡೀ ವಾರ್ಡಿನಲ್ಲಿ ಒಬ್ಬನೇ, ಒಬ್ಬ ಗಾರೆ ಕೆಲಸದವನು: "ಇಲ್ಲ ಸ್ವಾಮಿ, ಅವ್ರು ನಮ್ ಹುಡ್ಗನ್ನ ಕೆಲ್ಸಕ್ಕೆ ಹಾಕವ್ರೆ, ಅವ್ರಿಗೆ ಹಾಕ್ತೀನಿ." ಅವತ್ತು ಅವನ ಮೇಲೆ ಸಿಟ್ಟು ಬಂದಿತ್ತು.

ಬಹಿರಂಗ ಪ್ರಚಾರ ಮತದಾನಕ್ಕೆ 48 ಗಂಟೆ ಮೊದಲೇ ಮುಗಿಯಿತು. ಆಮೇಲಿನದು ಕತ್ತಲ ರಾತ್ರಿ. ನಮ್ಮೂರಿಗೆ ಬಂದವರನ್ನೆಲ್ಲ ಓಬವ್ವನ ಕಿಂಡಿಗೆ ಕರೆದುಕೊಂಡು ಹೋಗುತ್ತೇವೆ. ಕಹಳೆ ಊದುವ ಮುದ್ದಹನುಮ ಊಟಕ್ಕೆ ಕೂತಿದ್ದಾಗ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿದ ಕಥೆ ಹೇಳುತ್ತೇವೆ. ಆಗಸ್ಟ್ 30ರ ರಾತ್ರಿ ನಾನೂ ಊಟಕ್ಕೆ ಕೂತಿದ್ದೆ. ಹೊರಗೆ ಓಣಿಯಲ್ಲಿ ಬೀದಿದೀಪ ಹೋಯಿತು. ಬೈಕಿನ ಸದ್ದು ಬಂತು, ನಿಂತಿತು, ಮತ್ತೆ ಮುಂದಿನ ಮನೆ, ಮತ್ತೆ ನಿಂತಿತು. ನಮ್ಮ ಮನೆ ಮುಂದೆ ಮಾತ್ರ ನಿಲ್ಲದೆ ಹೋಯಿತು. ನಮ್ಮ ಓಬವ್ವ ಒಳಗೆ ಮಲಗಿದ್ದಳು, ಎದ್ದಿದ್ದರೂ ಒನಕೆ ಬೀಳುತ್ತಿದ್ದದ್ದು ನನ್ನ ತಲೆಗೇ. ಒಂದು ಓಟಿಗೆ ಎಷ್ಟು ಅಂತ ಬೆಳಗ್ಗೆ ಹಾಲು ಹಾಕುವವನು ಹೇಳಿದ. ಎರಡು ಕಡೆಯಿಂದಲೂ ಬಂದಿತ್ತಂತೆ, ಒಬ್ಬರು ಅರಿಶಿನದ ಕೊಂಬು ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದರಂತೆ. ಆಣೆ ಮಾಡಿದವರಿಗೆ ಇನ್ನೊಬ್ಬರ ದುಡ್ಡು ತಗೊಂಡದ್ದಕ್ಕೇನೂ ಅಡ್ಡಿ ಆಗಿರಲಿಲ್ಲ.

31, ಶುಕ್ರವಾರ, ಬೆಳಗ್ಗೆ 7ರಿಂದ ಸಂಜೆ 5. ಅಣಕು ಮತದಾನಕ್ಕೆ ನಸುಕಿನಲ್ಲೇ ಏಜೆಂಟರು ಹೋಗಬೇಕು. ಮೂರು ಬೂತಿಗೆ ಮೂವರನ್ನು ಹಾಕಿದ್ದೆ, ಒಬ್ಬ ಫೋನ್ ಎತ್ತಲೇ ಇಲ್ಲ. ಟೀ ಅಂಗಡಿಯ ಗೆಳೆಯ ಅಂಗಡಿ ಮುಚ್ಚಿ ಹೋಗಿ ಕೂತ. ಬಹಳ ಜನರ ಎಡಗೈ ತೋರುಬೆರಳಿನ ಉಗುರಿನ ತುದಿಯಲ್ಲಿ ಮೇ 12ರ ವಿಧಾನಸಭೆ ಚುನಾವಣೆಯ ಶಾಯಿ ಇನ್ನೂ ಕಪ್ಪಗೆ ಉಳಿದಿತ್ತು. ಆ ಚುನಾವಣೆಯಲ್ಲಿ ಒತ್ತಿದ ಗುರುತಿನ ಚೀಟಿ ಏಳು ಸೆಕೆಂಡು ಗಾಜಿನ ಹಿಂದೆ ಕಾಣಿಸಿತ್ತು. ನಗರಸಭೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಇಲ್ಲಿ ಆ ಚೀಟಿಯ ಪೆಟ್ಟಿಗೆ ಇರಲಿಲ್ಲ. ಹೊರಗೆ ಬಂದ ಹೆಂಗಸೊಬ್ಬಳು "ಕುಯ್ಯಂತು ಅಷ್ಟೇ, ಚೀಟಿನೇ ತೋರುಸ್ಲಿಲ್ಲ, ಎಲ್ಲಿಗೋಯ್ತೋ" ಅಂತ ನನ್ನನ್ನೇ ಕೇಳಿದಳು. ಅಣಕು ಮತದಾನದಲ್ಲಿ ನಮ್ಮ ಏಜೆಂಟರೆಲ್ಲ ಒತ್ತಿ ನೋಡಿ ಸಹಿ ಹಾಕಿದ್ದಾರೆ, ಒತ್ತಿದ ಕಡೆಗೇ ಹೋಗಿರುತ್ತೆ ಅಂದೆ. ನೂರು ಮೀಟರ್ ಗೆರೆಯ ಆಚೆ ಕೈಮುಗಿದು ನಿಂತೇ ಇದ್ದೆ. ನನ್ನ ಕಣ್ಣಿಗೆ ಕಣ್ಣು ಕೊಟ್ಟು ನಕ್ಕು ಹೋದವರು ಎಷ್ಟು, ಚಪ್ಪಲಿ ನೋಡಿಕೊಂಡು ಹೋದವರು ಎಷ್ಟು ಅಂತ ಎಣಿಸಬೇಕಿತ್ತು. ಆ ಎಣಿಕೆ ಪೆನ್ಸಿಲಿನ ಟಿಕ್ಕಿಗಿಂತ ಸರಿಯಾಗಿರುತ್ತಿತ್ತು.

ಸೆಪ್ಟೆಂಬರ್ 3, ಸೋಮವಾರ ಎಣಿಕೆ. ಎಂಟಕ್ಕೆ ಶುರು. ನಮ್ಮ ವಾರ್ಡಿನ ಸರದಿ ಬಂದಾಗ ಮೂರು ಮಿಷನ್ನು ತಂದು ಮೇಜಿನ ಮೇಲಿಟ್ಟರು, ಸೀಲು ತೋರಿಸಿದರು, ಒಂದೊಂದನ್ನೇ ಒತ್ತಿದರು. ಅಷ್ಟು ದಿನದ ಕನಸಿಗೆ ಹತ್ತು ನಿಮಿಷ ಹಿಡಿಯಲಿಲ್ಲ. ಗೆದ್ದವರಿಗೆ 902, ಎರಡನೆಯವರಿಗೆ 781, ನನಗೆ 193, ಆಟೋದವನಿಗೆ 171, ಇನ್ನೊಬ್ಬರಿಗೆ 40, ನೋಟಾಗೆ 13. ಠೇವಣಿ ಹೋಯಿತು. ಗೆದ್ದವರು ಬಂದು ಕೈ ಕುಲುಕಿ, "ಒಳ್ಳೇ ಫೈಟು ಕೊಟ್ರಿ" ಅಂದರು. ಯಾರಿಗೆ ಕೊಟ್ಟೆನೋ ಕಾಣೆ.

ಸೋತದ್ದು ಎರಡು ದಿನದಲ್ಲಿ ಆರಿತು. ಆರದೆ ಉಳಿದದ್ದು ಬೂತುವಾರು ಲೆಕ್ಕ. ಒಂದನೇ ಬೂತು ನಮ್ಮದೇ ಓಣಿಗಳು, ನಾನು ಹುಟ್ಟಿದ ಜಾಗ. ಅಲ್ಲಿ 61. ಎರಡನೇ ಬೂತು ಆಚೆ ಕಡೆಯದು, ಹತ್ತು ಜನರ ಹೆಸರೂ ನನಗೆ ಗೊತ್ತಿಲ್ಲದ ಜಾಗ. ಅಲ್ಲಿ 88. ಮೂರನೆಯದರಲ್ಲಿ 44. ಒಂದನೇ ಬೂತಿನಲ್ಲಿ ನಮ್ಮ ಸಂಬಂಧಿಕರ ಓಟೇ 84 ಇದ್ದವು. ಇದನ್ನು ಹೇಗೆ ಕಳೆದರೂ ಕೂಡಿದರೂ ಸರಿಹೋಗುವುದಿಲ್ಲ. ಪಟ್ಟಿ ತೆಗೆದು ಮತ್ತೆ ಪೆನ್ಸಿಲ್ ಹಿಡಿದೆ. ಚಿಕ್ಕಪ್ಪನ ಮನೆ ಒಂಬತ್ತು, ಬಿಟ್ಟರೂ ನಾಲ್ಕು ಬಂದಿರಬೇಕು. ಎದುರು ಮನೆ ಐದು. ಸಹಿ ಹಾಕದೆ ಓಟು ಹಾಕ್ತೀನಿ ಅಂದವನ ಮನೆ ಆರು. ಹೆಂಡತಿ ಬಂದು ಪಟ್ಟಿ ಕಿತ್ತುಕೊಂಡು, "ಹಿಂಗೇ ಎಣಿಸ್ತಾ ಹೋದ್ರೆ ಕೊನೆಗೆ ನನ್ನ ಹೆಸರಿಗೂ ಬರ್ತೀರಿ" ಅಂದಳು. ಸುಳ್ಳಲ್ಲ, ಆ ಪುಟ ಎರಡು ಪುಟದಾಚೆ ಇತ್ತು.

ಎರಡನೇ ಬೂತಿನ ಆ 88 ಜನ ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಸಿಕ್ಕಿದ್ದರೆ ಟೀ ಕುಡಿಸುತ್ತಿದ್ದೆ. ಗೊತ್ತಿರುವುದೆಲ್ಲ 61ರಲ್ಲಿ ಇಲ್ಲದವರೇ.

ಅಲ್ಲಿಂದ ಶುರುವಾಯಿತು ಸಾಂತ್ವನ. ಅಂಗಡಿಗೆ ಬಂದವರೆಲ್ಲ "ನಾವು ನಿಮ್ಗೇ ಹಾಕಿದ್ದು, ಏನಾಯ್ತೋ ಗೊತ್ತಾಗ್ಲಿಲ್ಲ" ಅನ್ನುತ್ತಿದ್ದರು. ಮೊದಮೊದಲು ಕೈಮುಗಿದೆ. ಆಮೇಲೆ ತಮಾಷೆಗೆ ಅಂಗಡಿಯ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಒಂದೊಂದು ಗೆರೆ ಹಾಕುತ್ತಾ ಹೋದೆ. ದೀಪಾವಳಿ ಹೊತ್ತಿಗೆ ಗೆರೆಗಳು 193 ದಾಟಿದವು. ಮುಂದಿನ ಯುಗಾದಿಗೆ 300 ಆಯಿತು. ಈ ಗೆರೆಗಳ ಪ್ರಕಾರ ನಾನು ಒಳ್ಳೆಯ ಪೈಪೋಟಿಯನ್ನೇ ಕೊಟ್ಟಿದ್ದೇನೆ.

ಫಲಿತಾಂಶ ಬಂದು 30 ದಿನದೊಳಗೆ ಸೋತವರೂ ಗೆದ್ದವರೂ ಖರ್ಚಿನ ಲೆಕ್ಕ ಕೊಡಬೇಕು. ನನ್ನದು ರಸೀದಿ ಸಮೇತ ಸಿದ್ಧವಿತ್ತು: 61,400 ರೂಪಾಯಿ, ಅದರಲ್ಲಿ ಮಂಡಕ್ಕಿ ಮಿರ್ಚಿಯದೇ ಹನ್ನೊಂದು ಸಾವಿರ. ಒಂದನೇ ಬೂತಿನ ಓಟಿಗೂ ಖರ್ಚಿಗೂ 61ರ ನಂಟು ಅಂತ ಗೆಳೆಯ ನಕ್ಕ. ಗೆದ್ದವರ ಕಡೆಯ ಹುಡುಗನೂ ಲೆಕ್ಕ ಮಾಡಿಸಲು ನನ್ನ ಅಂಗಡಿಗೇ ಬಂದ. ಇನ್ನೆಲ್ಲಿಗೆ ಹೋಗುತ್ತಾನೆ? ಅವನು ಹೇಳಿದ, ನಾನು ಟೈಪ್ ಮಾಡಿದೆ. ಕರಪತ್ರ, ಆಟೋ ಬಾಡಿಗೆ, ಶಾಮಿಯಾನ, ಟೀ, ತಿಂಡಿ. ಸೀರೆ ಅನ್ನುವ ಕಾಲಂ ಬರುತ್ತೇನೋ ಅಂತ ಬೆರಳು ನಿಲ್ಲಿಸಿ ಕಾದೆ, ಬರಲಿಲ್ಲ. ಒಟ್ಟು ನನಗಿಂತ ಸ್ವಲ್ಪ ಹೆಚ್ಚು, ಮಿತಿಗಿಂತ ಬಹಳ ಕಡಿಮೆ. ನಾಲ್ಕು ಹಾಳೆ, ಎರಡು ಪ್ರತಿ, ಟೈಪಿಂಗ್ ಚಾರ್ಜು ಸೇರಿಸಿ ತಗೊಂಡೆ.

ಗೆದ್ದವರ ಪಾಡೂ ಹೊಟ್ಟೆಕಿಚ್ಚು ಪಡುವಂಥದ್ದೇನಾಗಿರಲಿಲ್ಲ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಹೈಕೋರ್ಟಿಗೆ ಹೋಯಿತು. ಆ ವರ್ಷ ರಾಜ್ಯದಲ್ಲಿ ಆಯ್ಕೆಯಾದ ನಗರಸಭೆ, ಪುರಸಭೆ ಸದಸ್ಯರೆಲ್ಲ ಅಧಿಕಾರ ಇಲ್ಲದೆ ಎರಡು ವರ್ಷ ಕಾದರು, ಆಡಳಿತಾಧಿಕಾರಿಗಳೇ ನಡೆಸಿದರು. 2020ರ ಕೊನೆಗೆ ಅಧ್ಯಕ್ಷರ ಆಯ್ಕೆಯಾಗುವ ತನಕ ನಮ್ಮ ಸದಸ್ಯರು ಮದುವೆ, ತಿಥಿಗಳಲ್ಲೇ ಸದಸ್ಯರಾಗಿದ್ದರು. ನಡುವೆ ಕೊರೊನಾ ಬಂತು, ಆಗ ಪಾಪ ಮನೆ ಮನೆಗೆ ತರಕಾರಿ ಕಳಿಸಿದರು, ನಮ್ಮ ಮನೆಗೂ. ಹೆಂಡತಿ ಇಸ್ಕೊಂಡಳು, ನಾನು ಬೇಡ ಅನ್ನಲಿಲ್ಲ. ಚರಂಡಿ ಆಮೇಲೆ ಆಯಿತು. ಅರ್ಧ ಓಣಿಗೆ ಮಾತ್ರ, ಆ ಅರ್ಧದಲ್ಲಿ ನಮ್ಮ ಮನೆ ಇಲ್ಲ. ನೀರು ಈಗಲೂ ರಾತ್ರಿಯೇ. 2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ 89 ವರ್ಷದ ನಂತರ ಕೋಡಿ ಬಿದ್ದಾಗ ಊರೆಲ್ಲ ಗಾಡಿ ಮಾಡಿಕೊಂಡು ನೋಡಲು ಹೋಯಿತು. ನಾವೂ ಹೋದೆವು. ಅಷ್ಟು ನೀರು ನೋಡಿ ಬಂದ ರಾತ್ರಿಯೂ ಎರಡು ಗಂಟೆಗೆ ಎದ್ದು ಕೊಡ ಹಿಡಿದೆವು.

ಹೋದ ತಿಂಗಳು ಒಬ್ಬ ಅಜ್ಜಿ ಪಿಂಚಣಿ ನಿಂತುಹೋಗಿದೆ ಅಂತ ಪಾಸ್‌ಬುಕ್ಕು ಹಿಡಿದು ಅಂಗಡಿಗೆ ಬಂದಳು. ಮಿಷನ್ನಿನಲ್ಲಿ ಮಿಷನ್ನು ಅಂತ ಎರಡೆರಡು ಸಲ ಹೇಳಿಸಿಕೊಂಡಿದ್ದ ಅಜ್ಜಿಯೇ. ಅರ್ಜಿ ಬರೆದೆ, ಹೆಬ್ಬೆಟ್ಟು ಒತ್ತಿಸಿದೆ. ಬೆರಳಿನ ಮಸಿ ಒರೆಸಿಕೊಳ್ಳುತ್ತಾ ಅಜ್ಜಿ ಅಂದಳು: "ಆ ಸಲ ನಿಂಗೆ ಹಾಕ್ಲಿಲ್ಲ ಕಣಪ್ಪ. ಸೀರೆ ಇಸ್ಕಂಡಿದ್ದೆ."

ಏಳು ವರ್ಷದಲ್ಲಿ ಹೀಗಂದವಳು ಇವಳೊಬ್ಬಳೇ. ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಇದಕ್ಕೆ ಕಾಲಂ ಇರಲಿಲ್ಲ. ಸೀರೆ ಹೇಗಿತ್ತಜ್ಜಿ ಅಂತ ಕೇಳಿದೆ. "ಬಣ್ಣ ಬಿಡ್ತು" ಅಂದಳು. ಜೆರಾಕ್ಸಿನ ದುಡ್ಡು ತಗೊಳ್ಳಲಿಲ್ಲ.